ಎಡ ಭುಜದ ಮೇಲಿಂದ ಹುಲ್ಲು

೨೦೧೯ರ ನವೆಂಬರ್ ೧೧, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕೋಚ್ ಟೀಗ್ ದೀಪ ಆರಿಸಿದರು. ಪರದೆಯ ಮೇಲೆ ಹಿಂದಿನ ದಿನದ ಪಂದ್ಯ ಶುರುವಾಯಿತು, ಎಂದಿನಂತೆ ಶಬ್ದವಿಲ್ಲದೆ.

ರಾಸ್ಕೋ ಬ್ರಾಂಟ್ಲಿ ಮೊದಲ ಸಾಲಿನಲ್ಲಿ ಕೂತಿದ್ದ. ಹನ್ನೆರಡು ವರ್ಷಗಳಿಂದ ಅವನು ಈ ಅಮೆರಿಕನ್ ಫುಟ್‌ಬಾಲ್ ತಂಡದ ಹಿಂಗಾವಲಿನ ಆಟಗಾರ. ಎದುರಾಳಿ ಮುನ್ನುಗ್ಗಿ ಬರುವಾಗ ತಾನು ಹಿಮ್ಮುಖವಾಗಿ ಓಡುತ್ತ, ಅವನ ಕಣ್ಣನ್ನು ನಂಬದೆ ಸೊಂಟವನ್ನೇ ನೋಡುತ್ತ, ಚೆಂಡು ಅವನ ಕೈಸೇರದಂತೆ ತಡೆಯುವುದು ಕೆಲಸ. ವಯಸ್ಸು ಮೂವತ್ತನಾಲ್ಕು ದಾಟಿತ್ತು. ಒಪ್ಪಂದ ಈ ಋತುವಿಗೆ ಮುಗಿಯುತ್ತಿತ್ತು. ಈ ಹಂತದಲ್ಲಿ ಡಾಕ್ಟರು ಆಡಬೇಡವೆಂದು ಒಮ್ಮೆ ಕೂರಿಸಿದರೆ ಮತ್ತೆ ಯಾರೂ ಎಬ್ಬಿಸುವುದಿಲ್ಲ.

ಪರದೆಯ ಮೇಲೆ ಇಪ್ಪತ್ನಾಲ್ಕನೇ ನಂಬರಿನ ಅಂಗಿ, ಅವನದೇ ಅಂಗಿ, ಒಬ್ಬ ದಢೂತಿ ಎದುರಾಳಿಯ ಮೊಣಕಾಲಿಗೆ ತಲೆ ಬಡಿದು ಬಿತ್ತು. ಎದ್ದಿತು. ಬಾಗಿ ಚಿಟಿಕೆ ಹುಲ್ಲು ಕಿತ್ತು ಎಡ ಭುಜದ ಮೇಲಿಂದ ಹಿಂದಕ್ಕೆ ಎಸೆಯಿತು. ಅದು ಟೀಗ್ ಹಿಂಗಾವಲಿನವರಿಗೆಲ್ಲ ಕಲಿಸಿದ ಪದ್ಧತಿ. ಸೋತ ಕ್ಷಣವನ್ನು ಹುಲ್ಲಿನ ಜೊತೆ ಎಸೆದುಬಿಡಬೇಕು. ನೆನಪಿಟ್ಟುಕೊಂಡವನು ಮುಂದಿನ ಚೆಂಡಿಗೂ ಸೋಲುತ್ತಾನೆ.

ರಾಸ್ಕೋಗೆ ಆ ಮೊಣಕಾಲು ನೆನಪಿತ್ತು. ಅದಾದ ಮೇಲೆ ನೆನಪಿದ್ದದ್ದು ಸ್ನಾನದ ಕೋಣೆಯಲ್ಲಿ ಕತ್ತಿನ ಮೇಲೆ ಬೀಳುತ್ತಿದ್ದ ಬಿಸಿನೀರು. ನಡುವಿನ ಅರ್ಧ ಪಂದ್ಯ ಖಾಲಿ. ಹೆಂಡತಿಗೂ ಹೇಳಿರಲಿಲ್ಲ.

"ನೋಡ್ರೋ ಇವನ್ನ," ಟೀಗ್ ಹಿಗ್ಗಿದರು. "ಚೆಂಡು ಇನ್ನೂ ಎಸೆಯೋನ ಕೈ ಬಿಟ್ಟಿಲ್ಲ, ಇವನಾಗ್ಲೇ ಹೊರಟಾಯ್ತು! ಹನ್ನೆರಡು ವರ್ಷದಲ್ಲಿ ಹಿಂಗೆ ಆಡಿರ್ಲಿಲ್ವಲ್ಲೋ. ಏನ್ ಕಾಣ್ತಿತ್ತು ನಿಂಗೆ?"

"ಈ ಮುದ್ಕಪ್ಪನ ಮೈಮೇಲೆ ಬಂದಿತ್ತು ಕೋಚ್," ರಾಸ್ಕೋನ ಬೆನ್ನಿಗೆ ನಿಂತು ಆಡುವ ಕೆಂಡ್ರಿಕ್ಸ್ ನಕ್ಕ. "ನನ್ನನ್ನ ಟೋಬಿ ಟೋಬಿ ಅಂತ ಕರೀತಿದ್ದ. ಟೋಬಿ, ಎಡಕ್ಕೆ ಬಾ. ಟೋಬಿ, ಹಿಂದಕ್ಕೆ ಹೋಗು. ಯಾವನ್ ಗುರೂ ಅವ್ನು? ನಾನೂ ಹೇಳ್ದಂಗೆ ಹೋದೆ. ಹೋದಲ್ಲೆಲ್ಲ ಚೆಂಡೂ ಬಂತು!"

ಎಲ್ಲರೂ ನಕ್ಕರು. ರಾಸ್ಕೋ ಮಾತ್ರ ತಿರುಗಿ ಕೆಂಡ್ರಿಕ್ಸ್‌ನ ಮುಖ ನೋಡಿದ.

ಅಲಬಾಮದ ಹೈಸ್ಕೂಲಿನಲ್ಲಿ ಅವನ ಬೆನ್ನಿಗೆ ನಿಂತು ಆಡುತ್ತಿದ್ದವನು ಟೋಬಿ ಲಸ್ಕ್. ಒಂದು ಶುಕ್ರವಾರ ತಲೆಗೆ ಬಿದ್ದ ಪೆಟ್ಟನ್ನು ಮುಚ್ಚಿಟ್ಟ. ಮುಂದಿನ ಶುಕ್ರವಾರ ಮೈದಾನದಲ್ಲಿ ಬಿದ್ದವನು ಮತ್ತೆ ಏಳಲೇ ಇಲ್ಲ. ಆ ಹೆಸರನ್ನು ರಾಸ್ಕೋ ಈ ತಂಡದಲ್ಲಿ ಯಾರೆದುರೂ ಎತ್ತಿದವನಲ್ಲ.

ಪರದೆಯಲ್ಲಿ ಇಪ್ಪತ್ನಾಲ್ಕು ಚೆಂಡನ್ನು ಗಾಳಿಯಲ್ಲೇ ಕಸಿದು ಓಡಿತು. ಯಾರ ಕೈಗೂ ಸಿಗಲಿಲ್ಲ. ಕೊನೆಯ ಗೆರೆ ದಾಟಿ ಅಂಕ ಗಳಿಸಿದ ಮೇಲೆ ಗೆಳೆಯರ ಅಪ್ಪುಗೆಯಿಂದ ನುಣುಚಿಕೊಂಡು ಬಾಗಿ ಹುಲ್ಲು ಕಿತ್ತಿತು. ಎಸೆಯುವ ಮುನ್ನ ಎಡಕ್ಕೆ ತಿರುಗಿ, ಯಾರೂ ಇಲ್ಲದ ಕಡೆಗೆ, ಆಗಲಿ ಎನ್ನುವಂತೆ ತಲೆಯಾಡಿಸಿತು.

"ಗೆದ್ದ ಮೇಲೂ ಯಾಕೋ ಹುಲ್ಲು?" ಟೀಗ್ ಕೇಳಿದರು. "ಏನ್ ಮರೀಬೇಕಿತ್ತು ನಿಂಗೆ?"

ಕೆಂಡ್ರಿಕ್ಸ್ ಇನ್ನೂ ನಗುತ್ತಿದ್ದ. ರಾಸ್ಕೋ ಎದ್ದು ನಿಂತ. ಅವನ ನೆರಳು ಪರದೆಯ ಕೆಳಗಂಚಿಗೆ ಬಿತ್ತು.

"ಗೊತ್ತಿಲ್ಲ ಕೋಚ್. ಆ ಮೊಣಕಾಲು ಬಡಿದ್ಮೇಲೆ ನಾನ್ ಅಲ್ಲಿರ್ಲಿಲ್ಲ. ಡಾಕ್ಟ್ರನ್ನ ಕರೀರಿ."

ಟೀಗ್‌ರ ಹೆಬ್ಬೆರಳು ತಪ್ಪಿ ಯಾವುದೋ ಗುಂಡಿ ಒತ್ತಿತು. ಚಿತ್ರ ಹಿಂದಕ್ಕೆ ಹೋಯಿತು. ಇಪ್ಪತ್ನಾಲ್ಕು ಮತ್ತೆ ಚೆಂಡು ಕಸಿದು ಸದ್ದಿಲ್ಲದೆ ಓಡತೊಡಗಿತು. ಪರದೆಯ ಮೂಲೆಯಲ್ಲಿ ಆ ಓಟದ ಅಳತೆ ಮೂಡಿತು: ಅರವತ್ತೆರಡು ಗಜ.