ಎಸ್ಟೀಮ್ ಕಾರಿನ ಒಂದೇ ಸೀಟು

ನನ್ನ ಗಂಡ ರುದ್ರೇಶ ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಹೆಚ್ಚು ಬೀಜ ಮಾರಿದ ಡೀಲರುಗಳನ್ನು ಕಂಪನಿಯವರು ವರ್ಷಕ್ಕೊಮ್ಮೆ ಎಲ್ಲಿಗಾದರೂ ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಗೋವಾಕ್ಕೆ ಹೋದವರು ಒಂದು ಟೋಪಿ ತಂದಿದ್ದರು. ಊಟಿಯಿಂದ ನೆಗಡಿ ತಂದಿದ್ದರು. ಹೋದ ವರ್ಷ ಕೊಯಮತ್ತೂರಿಗೆ ಹೋದವರು ರೇಸ್ ಕಾರಿನ ಹುಚ್ಚು ತಂದರು.

ಆದದ್ದಿಷ್ಟು. ಅಲ್ಲಿ ಕಾರುಗಳ ರೇಸಿಗೆಂದೇ ಕಟ್ಟಿದ ಟ್ರ್ಯಾಕ್ ಇದೆ. ಕಂಪನಿಯವರು ಡೀಲರುಗಳನ್ನು ಒಬ್ಬೊಬ್ಬರಾಗಿ ಡ್ರೈವರನ ಪಕ್ಕ ಕೂರಿಸಿ ಸುತ್ತು ಹೊಡೆಸಿದರು. ಉಳಿದವರು ಇಳಿದ ಕೂಡಲೇ ವಾಂತಿ ಮಾಡಿಕೊಂಡು ಬುದ್ಧಿವಂತರಾದರು. ನಮ್ಮವರಿಗೆ ವಾಂತಿ ಆಗಲಿಲ್ಲ. ಅದನ್ನೇ ಅವರು ಪ್ರತಿಭೆ ಎಂದು ತಿಳಿದರು.

ಊರಿಗೆ ಬಂದು ಕೈಕಾಲು ತೊಳೆಯುವ ಮೊದಲೇ ಹೇಳಿದರು: "ಅನ್ನಪೂರ್ಣ, ನಮ್ಮ ಎಸ್ಟೀಮ್ ರೇಸಿಗೆ ಬಿಡೂಣು ಅಂತ ಮಾಡೀನಿ."

"ಕಾರು ಬಿಡ್ತೀರೋ, ಬುದ್ಧಿ ಬಿಡ್ತೀರೋ?"

"ಹಳೀ ಗಾಡಿಗೋಳ್ದ ಬ್ಯಾರೆ ರೇಸ್ ಇರ್ತೈತಿ. ಹೊಸದಾಗಿ ಕಲಿಯೋ ಮಂದಿಗಂತನ ಇಟ್ಟಾರ. ನಮ್ಮ ಇಂಜಿನ್ ಇನ್ನೂ ಛಲೋ ಐತಿ."

ಆ ಎಸ್ಟೀಮ್ ನನ್ನ ತವರಿನದು. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ನನ್ನ ಅಪ್ಪ ತಾವು ಓಡಿಸುತ್ತಿದ್ದ ಕಾರನ್ನೇ ಮದುವೆಯಲ್ಲಿ ಕೊಟ್ಟಿದ್ದರು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ಕಾಲುವೆ ದಂಡೆಯ ರಸ್ತೆಯ ಮೇಲೆ. ಮದುವೆಯ ದಿನ ಬಲಗಡೆಯ ಬಾಗಿಲು ತೆರೆದವರು ಅವರು, ಎಡಗಡೆ ಕೂತವಳು ನಾನು. ಆ ವ್ಯವಸ್ಥೆ ಬದಲಾಗಬೇಕೆಂದು ಆಮೇಲೆ ಯಾರಿಗೂ ಅನಿಸಲಿಲ್ಲ. ನಾನು ಹನುಮಸಾಗರದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಮನೆಯಲ್ಲಿ ಕಾರಿದ್ದೂ ಬಸ್ಸಿನಲ್ಲಿ ಜೋತುಬಿದ್ದು ಹೋಗುತ್ತೇನೆ. ಕಾರಿನ ಏಸಿ ಕೆಟ್ಟು ಎಷ್ಟೋ ಬೇಸಿಗೆಗಳು ಕಳೆದಿದ್ದವು. ರಿಪೇರಿ ಮಾಡಿಸಿ ಎಂದಾಗಲೆಲ್ಲ, "ಕಿಡಕಿ ಇಳಸ, ಗಾಳಿ ಬರ್ತೈತಿ" ಎನ್ನುತ್ತಿದ್ದರು.

ಅದೇ ಏಸಿಯನ್ನು ಕಿತ್ತು ಹಾಕಲು ಅವರಿಗೆ ಒಂದು ಮಧ್ಯಾಹ್ನ ಸಾಕಾಯಿತು. ರೇಸ್ ಕಾರು ಹಗುರ ಇರಬೇಕಂತೆ. ಊರ ಮಂದಿ ಕಾರಿಗೆ ಏನಾದರೂ ಹಾಕಿಸಲು ಗ್ಯಾರೇಜಿಗೆ ಹೋದರೆ ನಮ್ಮವರು ತೆಗೆಸಲು ಹೋದರು. ಏಸಿಯ ಹಿಂದೆ ಟೇಪ್ ರೆಕಾರ್ಡರ್, ಕಾರ್ಪೆಟ್, ಬಾಗಿಲ ಒಳಹೊದಿಕೆ, ಸ್ಟೆಪ್ನಿ, ಸೀಟುಗಳು ಹೋದವು. ಒಂದು ಸಂಜೆ ನಾನು ಹೋದಾಗ ಮೆಕ್ಯಾನಿಕ್ ಪಕೀರಪ್ಪ ನೆಲದ ತಗಡಿಗೆ ಅಂಟಿದ್ದ ಡಾಂಬರಿನಂಥ ಪದರವನ್ನು ಉಳಿಯಿಂದ ಕೆರೆಯುತ್ತಿದ್ದ.

"ಇದೇನಪಾ ಪಕೀರಪ್ಪ?"

"ಒಳಗ ಸಪ್ಪಳಾ ಬರಬಾರ್ದಂತ ಕಂಪನ್ಯಾಗ ಹಚ್ಚಿರ್ತಾರ್ರಿ ಅಕ್ಕೋರ. ಸಾಹುಕಾರ್ರು ತೂಕಾ ಇಳಸಂದಾರ."

ನಾನು ಪಕ್ಕದಲ್ಲೇ ನಿಂತಿದ್ದ ಗಂಡನ ಹೊಟ್ಟೆಯ ಕಡೆ ನೋಡಿದೆ. "ತೂಕಾ ಇಳಸೂದಿದ್ರ ಗಾಡಿಗೆ ಯಾಕ ಕೈ ಹಚ್ಚಿದ್ರಿ? ಖರ್ಚಿಲ್ಲದ ದಾರಿ ಇತ್ತಲ್ಲ."

ಪಕೀರಪ್ಪ ಉಳಿ ಕೆಳಗಿಟ್ಟು ಮುಖ ಆಚೆ ತಿರುಗಿಸಿದ. ಅವನ ಹೆಗಲು ಮಾತ್ರ ಕುಲುಕುತ್ತಿದ್ದವು. ನಮ್ಮವರು ಒಂದು ವಾರ ಸಂಜೆಯ ಮಿರ್ಚಿ ಬಿಟ್ಟರು. ಮುಂದಿನ ವಾರ ಎರಡರಷ್ಟು ತಿಂದರು.

ಬಿಚ್ಚಿದ ಹಿಂದಿನ ಸೀಟು ನಮ್ಮ ಪಡಸಾಲೆಗೆ ಬಂತು. ಅತ್ತೆ ಶೇಖರಮ್ಮ ಅದರ ಮೇಲೆ ಕೂತು, ಪುಟಿದು ನೋಡಿ, "ಇದು ಛಲೋ ಆತು ನೋಡವಾ. ಕಾರಿನ್ಯಾಗ ಇದ್ದಾಗ ವರ್ಷಕ್ಕೊಮ್ಮಿನೂ ಕೂಡ್ರಸ್ತಿರ್ಲಿಲ್ಲ" ಎಂದರು. ರೇಸಿನಿಂದ ಮೊದಲು ಲಾಭ ಮಾಡಿಕೊಂಡವರು ಅವರೇ.

ಆಮೇಲೆ ಪಂಜರ. ಕಾರು ಪಲ್ಟಿಯಾದರೆ ಒಳಗಿದ್ದವರು ಜಜ್ಜಿಹೋಗಬಾರದೆಂದು ಒಳಗೆಲ್ಲ ಕಬ್ಬಿಣದ ಪೈಪುಗಳನ್ನು ಪಂಜರದ ಹಾಗೆ ಬೆಸೆಯಬೇಕು. ಇಲ್ಲದಿದ್ದರೆ ಟ್ರ್ಯಾಕಿಗೆ ಬಿಡುವುದಿಲ್ಲ. ನಿಯಮದಲ್ಲಿದ್ದ ದಪ್ಪದ ಪೈಪುಗಳನ್ನು ಹುಬ್ಬಳ್ಳಿಯಿಂದ ತರಿಸಿದರು. ವೆಲ್ಡಿಂಗಿಗೆ ಸಿಕ್ಕವನು ಟ್ರ್ಯಾಕ್ಟರ್ ಟ್ರೇಲರ್ ಮತ್ತು ಮನೆಯ ಗೇಟು ಮಾಡುವ ಯಮನೂರ. ಕೆಲಸ ಗಟ್ಟಿ, ಆದರೆ ಸರಳ ರೇಖೆ ಕಂಡರೆ ಅವನಿಗೆ ಸಂಕಟ.

"ಸಾಹುಕಾರ್ರ, ಹಿಂದಿನ ಜಾಗಾ ಭಾಳ ಬೋಳ ಕಾಣ್ತೈತ್ರಿ. ಒಂದ ನವಿಲು ಕೂಡ್ರಸ್ಲೇನು?"

"ಇದನ್ನೇನು ಗೇಟ್ ಅಂತ ತಿಳ್ಕೊಂಡಿ ಏನಲೇ?"

"ಗೇಟಿಗಾದ್ರ ನವಿಲಿಗೆ ಬ್ಯಾರೆ ರೊಕ್ಕಾ ತಗೋತೀನ್ರಿ. ನಿಮಗ ಪುಗಸಟ್ಟಿ."

ಕೊನೆಗೆ ಸೀಟು ಬಂತು. ಕೊಯಮತ್ತೂರಿನಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದು. ಎರಡೂ ಬದಿ ಎತ್ತರ, ತೊಟ್ಟಿಲಿನ ಹಾಗೆ. ಮೊದಲಿನ ಮಾಲೀಕ ಯಾವನೋ ಬಡಕಲು ಕಾಲೇಜು ಹುಡುಗ ಇರಬೇಕು. ನಮ್ಮವರು ಉಸಿರು ಒಳಗೆಳೆದರೆ ಅದರಲ್ಲಿ ಹಿಡಿಸುತ್ತಿದ್ದರು. ಉಸಿರು ಹೊರಬಿಡುವ ಅನುಕೂಲ ಅದರಲ್ಲಿರಲಿಲ್ಲ.

"ನಾ ಎಲ್ಲಿ ಕೂಡ್ಲಿ?" ಎಂದು ಕೇಳಿದೆ.

"ರೇಸ್ ಕಾರಿನ್ಯಾಗ ಒಬ್ಬನ ಕೂಡೂದು."

ಇಷ್ಟು ವರ್ಷ ನಾನು ಕೂತ ಜಾಗದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕೂತಿತ್ತು. ಉರಿಯುವುದಕ್ಕೆ ನಾನು, ಆರಿಸುವುದಕ್ಕೆ ಅದು ಎಂದು ನಕ್ಕು ಬಂದೆ. ಆದರೆ ಆ ಸಂಜೆ ಅಪ್ಪ ಫೋನ್ ಮಾಡಿ "ಗಾಡಿ ಹೆಂಗೈತಿ?" ಎಂದು ಕೇಳಿದಾಗ "ಹಗುರಾಗೈತಿ" ಎಂದಷ್ಟೇ ಹೇಳಿದೆ.

ಓಡಿಸಿ ಕಲಿಯಲು ಜಾಗ ಬೇಕಿತ್ತು. ಅವರ ಗೆಳೆಯ ಮಾಂತೇಶ ಊರ ಹೊರಗೆ ಒಂದು ಲೇಔಟ್ ಮಾಡಿದ್ದ. ಡಾಂಬರು ರಸ್ತೆ, ಲೈಟಿನ ಕಂಬ, ಸ್ವಾಗತ ಕಮಾನು, ಪಾರ್ಕಿನ ಬೋರ್ಡು ಎಲ್ಲವೂ ಇದ್ದವು. ಮನೆ ಮಾತ್ರ ಒಂದೂ ಇರಲಿಲ್ಲ. "ಬೇಕಾದಷ್ಟು ಓಡಸ್ರಿ. ಆದ್ರ ಬಾಗಿಲ ಮ್ಯಾಲ ನಮ್ಮ ಜಾಹೀರಾತು ಇರ್ಲಿ" ಎಂದ. ಹೀಗೆ ಎರಡೂ ಬದಿಗೆ 'ಇಂದೇ ಸೈಟ್ ಕೊಳ್ಳಿ, ಶಾಂತವಾಗಿ ಬಾಳಿ' ಎಂದು ಬರೆಸಿಕೊಂಡ ನಮ್ಮ ಎಸ್ಟೀಮ್, ಹೊಸ ಸೈಲೆನ್ಸರಿನ ಆರ್ಭಟದಿಂದ ಸುತ್ತಲಿನ ಹೊಲದ ಹಕ್ಕಿಗಳನ್ನೆಲ್ಲ ಎಬ್ಬಿಸಿತು.

ಭಾನುವಾರಗಳಂದು ನಾನು ಕಲ್ಲಿನ ರಾಶಿಯ ಮೇಲೆ ಕೂತು ನೋಡುತ್ತಿದ್ದೆ. ಮೊದಲ ವಾರ ಪಾರ್ಕಿನ ಮೂಲೆಯಲ್ಲಿ ಆಡಿನ ಹಿಂಡು ಅಡ್ಡ ಬಂದಿತ್ತು. ಆಮೇಲೆ ಅವರು ಪ್ರತಿ ಸಲ ಅಲ್ಲಿ ಮೊದಲೇ ಬ್ರೇಕ್ ಹಾಕತೊಡಗಿದರು.

"ಅಲ್ಲಿ ಯಾಕ ನಿಂದ್ರಸ್ತೀರಿ?"

"ಆಡು ಬರ್ತಾವಲ್ಲ."

"ಅವು ಬಂದಿದ್ದು ಹ್ವಾದ ತಿಂಗಳ."

"ನಿನಗ ರೇಸ್ ತಿಳಿಯಂಗಿಲ್ಲ ಬಿಡ."

"ಹೌದ್ರಿ, ನನಗ ಆಡಿಂದಷ್ಟ ತಿಳಿತೈತಿ."

ರೇಸಿಗೆ ಹೆಸರು ಕೊಟ್ಟದ್ದಾಯಿತು. ಇನ್ನು ಸ್ವಲ್ಪ ದಿನ ಇರುವಾಗ ಒಂದು ಭಾನುವಾರ ನಮ್ಮವರು ಕಾರಿನಿಂದ ಇಳಿಯುತ್ತ ಸಿಕ್ಕಿಬಿದ್ದರು. ಬಾಗಿಲಿಗೆ ಅಡ್ಡಲಾಗಿ ಪಂಜರದ ಪೈಪ್ ಇತ್ತು. ಅದನ್ನು ದಾಟಲು ಒಂದು ಕಾಲು ಹೊರಗಿಟ್ಟರು. ಇನ್ನೊಂದು ಸ್ಟೇರಿಂಗಿನ ಕೆಳಗೇ ಉಳಿಯಿತು. ಹಾಗೇ ಸೊಂಟ ಹಿಡಿದುಕೊಂಡಿತು.

"ಅಯ್ಯಯ್ಯ, ಯಾರೂ ಮುಟ್ಟಬ್ಯಾಡ್ರಿ!"

ಅದೇ ಹೊತ್ತಿಗೆ ಯಲಬುರ್ಗಾ ಕಡೆಯ ಒಂದು ಕುಟುಂಬ ಸೈಟ್ ನೋಡಲು ಬಂದಿತ್ತು. ಅವರು ಬಾಯಿ ಬಿಟ್ಟು ನಮ್ಮವರನ್ನೇ ನೋಡುತ್ತಿದ್ದರು. ಮಾಂತೇಶ ಗಡಿಬಿಡಿಯಾಗದೆ, "ನೋಡ್ರಿ, ನಮ್ಮ ಲೇಔಟಿಗೆ ಬಂದಾವ್ರಿಗೆ ಹೊಳ್ಳಿ ಹೋಗಾಕ ಮನಸ್ಸ ಆಗಂಗಿಲ್ಲ" ಎಂದ.

ಗಾಡಿ ನೋಡಿಕೊಳ್ಳಲು ಬಂದಿದ್ದ ಪಕೀರಪ್ಪನೂ ಸೇರಿ ನಾಲ್ಕು ಜನ ಹೇಗೋ ಎಳೆದು ಮಾಂತೇಶನ ಜೀಪಿನಲ್ಲಿ ಮಲಗಿಸಿದರು. ಕೊಪ್ಪಳದ ಡಾಕ್ಟರ ಹತ್ತಿರ ಒಯ್ಯಬೇಕಿತ್ತು. ನಾನು ಹತ್ತಲು ಹೋದರೆ ನಮ್ಮವರು ಮಲಗಿದಲ್ಲಿಂದಲೇ ಕೂಗಿದರು: "ನೀ ಬರಬ್ಯಾಡ! ಗಾಡಿ ಬಿಟ್ಟು ಬಂದ್ರ ಟೈರ್ ಬಿಚ್ಕೊಂಡು ಹೋಗ್ತಾರ!"

ನನ್ನ ಸಾಂಗತ್ಯಕ್ಕಿಂತ ಟೈರು ಮುಖ್ಯ ಎಂದು ಇಷ್ಟು ಸ್ಪಷ್ಟವಾಗಿ ಅವರು ಹಿಂದೆಂದೂ ಹೇಳಿರಲಿಲ್ಲ. ಉಳಿದೆ.

"ಪಕೀರಪ್ಪ, ಗಾಡಿ ಮನಿಗೆ ತಗೊಂಡು ನಡಿ" ಎಂದೆ.

ಅವನು ಪಂಜರವನ್ನು ಮೇಲಿಂದ ಕೆಳಗೆ ನೋಡಿದ. "ನಾ ರಿಪೇರಿ ಮಾಡಾಂವ್ರಿ ಅಕ್ಕೋರ. ಇದರಾಗ ಸಿಕ್ಕೊಂಡ್ರ ನನ್ನ ರಿಪೇರಿ ಯಾರು ಮಾಡ್ತಾರ?"

ನಾನು ದುಪಟ್ಟಾ ತೆಗೆದು ಅವನ ಕೈಗೆ ಕೊಟ್ಟು ಒಳಗೆ ತೂರಿದೆ. ಸೀಟು ಅಳತೆ ಕೊಟ್ಟು ಹೊಲಿಸಿದ ಜಂಪರಿನ ಹಾಗೆ ಕೂತಿತು. ಕೀಲಿ ತಿರುವಿದಾಗ ಇಂಜಿನ್ನಿನ ಸದ್ದು ಹಲ್ಲಿನವರೆಗೂ ಬಂತು. ನೇರ ಮನೆಗೆ ಹೋಗಬೇಕೆಂದೇ ಇದ್ದೆ. ಕಮಾನಿನ ಹತ್ತಿರ ಬಂದಾಗ ಕೈ ತಾನಾಗಿ ಸ್ಟೇರಿಂಗನ್ನು ಒಳಗೆ ತಿರುಗಿಸಿತು.

ಮೊದಲ ಸುತ್ತು ಹೆದರುತ್ತ ಹೋದೆ. ಎರಡನೆಯದರಲ್ಲಿ ಪಾರ್ಕಿನ ಮೂಲೆ ಬಂತು. ಆಡು ಇರಲಿಲ್ಲ. ಬ್ರೇಕ್ ತಡವಾಗಿ ಒತ್ತಿದೆ. ಹಿಂದಿನ ಚಕ್ರಗಳು ಸರ್ರನೆ ಜಾರಿದವು, ಸ್ಟೇರಿಂಗ್ ತಿರುಗಿಸಿ ಹಿಡಿದೆ, ಕಾರು ಮಾತು ಕೇಳಿತು. ನಾನು ಗಟ್ಟಿಯಾಗಿ ನಗುತ್ತಿದ್ದೆ. ಆ ಆರ್ಭಟದಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ. ಆ ಸಪ್ಪಳ ತಡೆಯುವ ಪದರ ಕೆರೆಸಿದ್ದು ಇದೊಂದಕ್ಕೆ ಉಪಯೋಗವಾಯಿತು.

ಕಲ್ಲಿನ ರಾಶಿಯ ಮೇಲಿದ್ದ ಪಕೀರಪ್ಪ ಎದ್ದು ನಿಂತಿದ್ದ.

ಡಾಕ್ಟರು ನಮ್ಮವರಿಗೆ ಹಾಸಿಗೆ ಬಿಟ್ಟು ಏಳಬೇಡಿ, ಆ ಸೀಟಿನ ಹತ್ತಿರ ಸುಳಿಯಲೂಬೇಡಿ ಎಂದು ಹೇಳಿ ಕಳಿಸಿದ್ದರು.

"ಗಾಡಿ ಯಾರು ತಂದ್ರು?" ಎಂದು ಮಲಗಿಕೊಂಡೇ ಕೇಳಿದರು.

"ನಾನ."

"ಪಕೀರಪ್ಪಗ ಏನಾಗಿತ್ತು?"

"ಜೀವದ ಮ್ಯಾಲ ಆಸೆ ಆಗಿತ್ತು."

ಎರಡು ದಿನ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಪಡಸಾಲೆಯ ಸೀಟಿನಿಂದ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಆಕಿ ಅಪ್ಪನ ಗಾಡಿ, ಆಕಿ ಓಡಸ್ಲಿ. ನೀ ಒದರೂದು ಒದರ, ಹಾಸಿಗ್ಯಾಗ ಮಲಗಿ" ಎಂದು ತೀರ್ಪು ಕೊಟ್ಟರು. ಅವತ್ತು ಸಂಜೆ ಗೋಡೆಯ ಕಡೆಯಿಂದ ಧ್ವನಿ ಬಂತು.

"ಆ ಪಾರ್ಕಿನ ಮೂಲಿ ಎಷ್ಟನೇ ಗೇರಿನ್ಯಾಗ ಹೊಡದಿ?"

"ಮೂರರಾಗ."

ಅವರು ಮೆಲ್ಲಗೆ ನನ್ನ ಕಡೆ ಹೊರಳಿದರು. ಆಮೇಲೆ ಸಣ್ಣಗೆ, "ನಾ ಎರಡರಾಗ ಹೊಡೀತಿದ್ದೆ" ಎಂದರು. ಮದುವೆಯಾದಾಗಿನಿಂದ ಅವರು ಸೋತೆ ಎಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹೋಗಿ ಸೊಂಟಕ್ಕೆ ಎಣ್ಣೆ ತಿಕ್ಕಿದೆ.

ಮರುದಿನ ರೇಸಿಗೆ ತಮ್ಮ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಸಿ ಅವರು ಗುರುಗಳಾದರು. ಅದು ಸೊಂಟನೋವಿಗಿಂತ ಕಷ್ಟದ ರೋಗ. ಊಟಕ್ಕೆ ಕೂತರೆ ರೊಟ್ಟಿ ಮುರಿದು ತಿರುವು ಮಾಡುವರು, ಶೇಂಗಾ ಚಟ್ನಿಯ ಗುಪ್ಪೆಯನ್ನು ಎದುರಾಳಿಯ ಕಾರು ಮಾಡುವರು. "ಇಲ್ಲಿ ಒಳಗ ತೂರ್ಬೇಕು!" ಎಂದು ಬೆರಳು ತೂರಿಸಿ ಎದುರಾಳಿಯನ್ನು ತಿಂದುಬಿಡುವರು.

ಲಾರಿಯ ಮೇಲೆ ಕಾರು ಹೇರಿಕೊಂಡು, ನಮ್ಮವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಪಕೀರಪ್ಪನ ಜೊತೆ ಕೊಯಮತ್ತೂರು ಮುಟ್ಟಿದೆವು. ಹೊರಡುವ ಮುಂಚೆ ಬೆಂಕಿ ತಾಗದ ರೇಸ್ ಅಂಗಿ ತೊಟ್ಟು ಅತ್ತೆಗೆ ತೋರಿಸಿದ್ದೆ. ಅವರು ಕಣ್ಣು ಕಿರಿದು ಮಾಡಿ, "ಗ್ಯಾಸ್ ಕೊಡಾಂವ ಬಂದಾನ ಅಂತ ತಿಳ್ಕೊಂಡೆ" ಎಂದು ದೃಷ್ಟಿ ತೆಗೆದಿದ್ದರು.

ಒಂದು ದಿನ ತರಬೇತಿ, ರೇಸಿನ ಲೈಸೆನ್ಸು. ಮರುದಿನ ಕಾರಿನ ತಪಾಸಣೆ. ತಪಾಸಣೆಯ ಅಧಿಕಾರಿ ಬೆಲ್ಟು ಎಳೆದು, ಪಂಜರದ ಬೆಸುಗೆ ಬಡಿದು ನೋಡಿ ತಲೆಯಾಡಿಸಿದ. ಆಮೇಲೆ ಹಿಂದಿನ ಮೂಲೆಗೆ ಟಾರ್ಚ್ ಬಿಟ್ಟು ಅಲ್ಲೇ ನಿಂತ. ಅಂಗೈ ಅಗಲದ ಕಬ್ಬಿಣದ ನವಿಲು ಗರಿ ಬಿಚ್ಚಿ ಕೂತಿತ್ತು. ಯಮನೂರ ಕೊಟ್ಟ ಮಾತು ಉಳಿಸಿಕೊಂಡಿದ್ದ.

ನಮ್ಮವರು ಹಿಂದಿಯಲ್ಲಿ ಅದು ರಾಷ್ಟ್ರಪಕ್ಷಿ ಎಂದು ವಿವರಿಸಿದರು. ಚೂಪಾದದ್ದು ಏನೂ ಇರುವಂತಿಲ್ಲ ಎಂದು ಅಧಿಕಾರಿ ಹೇಳಿದ. ಪಕೀರಪ್ಪ ಪಕ್ಕದ ತಂಡದಿಂದ ಗ್ರೈಂಡರ್ ಇಸಿದುಕೊಂಡು ರಾಷ್ಟ್ರಪಕ್ಷಿಯನ್ನು ಕತ್ತರಿಸಿದ.

ರೇಸಿನಲ್ಲಿ ಹನ್ನೆರಡು ಕಾರು. ನಾನು ಕೊನೆಯ ಸಾಲಿನಲ್ಲಿ. ಹಸಿರು ದೀಪ ಹತ್ತಿದ್ದೇ ಮುಂದಿನವರೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಿದರು. ಒಳಗೆ ಬಾಣಲೆಯ ಕಾವು. ಮೊದಲ ತಿರುವಿನಲ್ಲಿ ಇಬ್ಬರು ಒಬ್ಬರಿಗೊಬ್ಬರು ದಾರಿ ಬಿಡದೆ ಹುಲ್ಲಿಗೆ ಹೋದರು. ನಾನು ನಡುವೆ ನುಸುಳಿದೆ. ಮುಂದೆ ಹಳೆಯ ಜೆನ್ ಕಾರೊಂದು ಇತ್ತು. ಸುತ್ತಿನ ಮೇಲೆ ಸುತ್ತು ಅದರ ಬಾಲ ಹಿಡಿದು, ಅದು ಬ್ರೇಕ್ ಹಾಕಿದ ಮೇಲೂ ಒಂದು ಉಸಿರು ತಡೆದು ಒಳಗಿನಿಂದ ತೂರಿದೆ. ಆ ಸಂತೋಷದಲ್ಲಿ ಮುಂದಿನ ತಿರುವು ಮರೆತೆ. ಕಾರು ಗಿರ್ರನೆ ಸುತ್ತಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಜೆನ್ ನನ್ನನ್ನು ದಾಟಿ ಹೋಯಿತು. ಅದರ ಡ್ರೈವರ್ ಕೈ ಬೀಸಿದ ಹಾಗಿತ್ತು. ಹೊಳ್ಳಿಸಿ ಮತ್ತೆ ಬೆನ್ನು ಹತ್ತಿದೆ, ಕೊನೆಯ ಸುತ್ತಿನಲ್ಲಿ ಮತ್ತೆ ಹಿಡಿದು ದಾಟಿದೆ. ಟ್ರ್ಯಾಕಿನ ಅಂಚಿನ ಗೋಡೆಯ ಪಕ್ಕ ನಮ್ಮವರು ನನಗೆ ತೋರಿಸಬೇಕಾದ ಸೂಚನೆಯ ಹಲಗೆಯನ್ನು ತಲೆಕೆಳಗಾಗಿ ಹಿಡಿದು ಕುಣಿಯುತ್ತಿದ್ದರು. ಡಾಕ್ಟರು ನೋಡಿದ್ದರೆ ಫೀಸು ವಾಪಸು ಕೊಡುತ್ತಿದ್ದರು.

ಒಂಬತ್ತನೆಯವಳಾಗಿ ಮುಗಿಸಿದೆ.

ಹೆಲ್ಮೆಟ್ ತೆಗೆದು ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿದ್ದವು. ಅದನ್ನು ಮುಚ್ಚಲು ಕೂಡಲೇ ಗದರಿದರು: "ಎಂಟನೆಯಾಂವ ಹತ್ರನ ಇದ್ದ. ಯಾಕ ಬಿಟ್ಟಿ?"

"ಅವನ ಹೇಣ್ತಿ ನೋಡಾಕ ಬಂದಿದ್ಲು. ಪಾಪ ಅನಸ್ತು."

ವಾಪಸು ಬರುವಾಗ ಪಕೀರಪ್ಪ ಲಾರಿಯ ಹಿಂದೆ ಕಾರಿನ ಕಾವಲಿಗೆ ಕೂತ. ನಾವಿಬ್ಬರೂ ಲಾರಿ ಡ್ರೈವರನ ಪಕ್ಕ ಕೂತೆವು. ಚಿತ್ರದುರ್ಗ ದಾಟುವಾಗ ಬೆಳಗಾಗಿತ್ತು. ನಮ್ಮವರು ನನ್ನ ಹೆಗಲಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದರು. ದಾರಿಯುದ್ದಕ್ಕೂ ಮಾತಿಲ್ಲದೆ ಓಡಿಸಿದ್ದ ಡ್ರೈವರ್ ಕೊನೆಗೂ ಕೇಳಿದ.

"ಅಲ್ರಿ, ನಿಮ್ಮಾಗ ರೇಸ್ ಹೊಡದಾವ್ರು ಯಾರು?"

ನಮ್ಮವರು ಕಣ್ಣು ತೆರೆಯದೆ ನನ್ನ ಕಡೆ ಹೆಬ್ಬೆರಳು ತೋರಿಸಿ, "ಆಕಿ" ಎಂದರು. ಅದೇ ಹೆಬ್ಬೆರಳನ್ನು ತಮ್ಮ ಕಡೆ ತಿರುಗಿಸಿ ಸೇರಿಸಿದರು: "ನಾ ಮ್ಯಾನೇಜರ್."

ಡ್ರೈವರ್ ನನ್ನನ್ನೊಮ್ಮೆ ನೋಡಿದ. ಬೀಡಿ ಹೊರಗೆ ಎಸೆದ. ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಪರೀಕ್ಷೆಗೆ ಕೂತವನ ಹಾಗೆ ಲಾರಿ ಓಡಿಸತೊಡಗಿದ.