ಬಿಗಿ ಮಾಡದ ನಟ್ಟು

ಧರಣಿ ಮನೆಯಲ್ಲೇ ಬೈಕಿನ ಹಿಂಚಕ್ರ ಹಿಡಿದಿಡುವ ಸ್ವಿಂಗ್‌ಆರ್ಮ್ ಬಿಚ್ಚಿ, ಅದರ ಬೇರಿಂಗ್ ಬದಲಿಸಿದ್ದಳು. ಮರುದಿನ ಬೆಳಿಗ್ಗೆ ಅವ್ವ ಪುಟ್ಟಲಿಂಗಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಇಳಿಯುವಾಗ, ತಿರುವಿನಲ್ಲಿ ಹಿಂಚಕ್ರ ಪಕ್ಕಕ್ಕೆ ಎಳೆಯಿತು. ಸ್ವಿಂಗ್‌ಆರ್ಮಿನ ಉದ್ದ ಬೋಲ್ಟಿಗೆ ಕೈಯಲ್ಲೇ ನಟ್ಟು ತಿರುಗಿಸಿದ್ದು ಧರಣಿಗೆ ನೆನಪಿತ್ತು. ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ದು ನೆನಪಾಗಲಿಲ್ಲ.

ಎದುರಿಗೆ ಬಸ್ಸು ಬರುತ್ತಿತ್ತು. ಬ್ರೇಕ್ ಒತ್ತಲು ಹೆದರಿ ಗೇರ್ ಇಳಿಸುತ್ತಾ, "ಅವ್ವ, ಅಲ್ಲಾಡಬ್ಯಾಡ, ಗಟ್ಟಿಯಾಗಿ ಹಿಡ್ಕೊ" ಎಂದಳು.

"ಯಾಕವ್ವ, ಏನಾಯ್ತು?"

ಬಸ್ಸು ದಾಟಿದ ಮೇಲೆ ಧರಣಿ ತಡೆಗೋಡೆಯ ಪಕ್ಕ ಗಾಡಿ ನಿಲ್ಲಿಸಿ ಬಗ್ಗಿ ನೋಡಿದಳು. ನಟ್ಟು ಬಿದ್ದುಹೋಗಿತ್ತು, ಬೋಲ್ಟ್ ಅರ್ಧ ಹೊರಬಂದಿತ್ತು. ಅಲ್ಲೇ ಕುಳಿತುಬಿಟ್ಟಳು.

"ನಾನೇ ಮರ್ತ್‌ಬುಟ್ಟೆ ಕಣವ್ವ."

ಪುಟ್ಟಲಿಂಗಮ್ಮ ಬೈಯಲಿಲ್ಲ. "ಗಾಡಿ ಇಲ್ಲೇ ಇರ್ಲಿ, ಬಸ್ಸಲ್ಲಿ ಹೋಗಾಣ ನಡಿ" ಎಂದು ಮಗಳನ್ನು ಎಬ್ಬಿಸಿದಳು.