ಮೂರನೆಯ ಕೆಂಪು ವೈರು

ಮೈಕು ಹಿಡಿದವಳ ನೆತ್ತಿಯ ಮೇಲಿನ ಫ್ಯಾನು ಸುತ್ತಿಗೊಮ್ಮೆ ಟಕ್ ಅನ್ನುತ್ತಿದೆ, ಬುಷ್ ಸವೆದಿದೆ, ಹೆಚ್ಚೆಂದರೆ ಇನ್ನು ಮೂರು ತಿಂಗಳು, ಅದು ಇವಳಿಗೆ ಕೇಳಿಸುತ್ತಲೇ ಇಲ್ಲವಲ್ಲ, ಟಕ್, ನಡುವಯಸ್ಸು ಅಂದರೆ ಮುಗಿದ ಕಥೆಯಲ್ಲ ಸ್ನೇಹಿತರೇ, ಟಕ್, ನಿಮ್ಮ ಗುರಿ ನಿಮ್ಮೊಳಗೇ ಮಲಗಿದೆ, ಎಬ್ಬಿಸಿ ಅದನ್ನು — ಮಲಗಿದ್ದರೆ ಮಲಗಲಿ ಬಿಡು ತಾಯಿ, ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಮಲಗಿರುವುದು ಅದೊಂದೇ, ಎಂದುಕೊಂಡು ಲಿಫ್ಟ್ ಮೆಕ್ಯಾನಿಕ್ಕು ಮಕ್ಕಳ ಬೆಂಚಿನಡಿ ಮೊಣಕಾಲು ತೂರಿಸಲಾಗದೆ ಓರೆಯಾಗಿ ಕೂತ. ಶನಿವಾರ ಮಧ್ಯಾಹ್ನ, ಮಗಳ ಶಾಲೆಯ ಸಭಾಂಗಣ, ದುಡಿಯುವ ತಂದೆತಾಯಂದಿರಿಗಾಗಿ ಎರಡು ಗಂಟೆಯ ಉಪದೇಶ, ಕೊನೆಯಲ್ಲಿ ಮಕ್ಕಳು ವೇದಿಕೆಗೆ ಬಂದು ಅಪ್ಪ ಅಮ್ಮನ ಬಗ್ಗೆ ಬರೆದದ್ದನ್ನು ಓದುತ್ತಾರಂತೆ. ಹೆಂಡತಿ ನರ್ಸು, ಈ ವಾರ ಹಗಲು ಪಾಳಿ, ನೀವೇ ಹೋಗಿ, ನನಗಿಂತ ನಿಮಗೇ ಬೇಕಾಗಿರೋದು ಅದು, ಆರು ತಿಂಗಳಿಂದ ನಿಮ್ಮ ಮುಖ ನೋಡಿದ್ರೆ ಹಾಲು ಒಡೆದಂಗಿದೆ. ಒಡೆಯದೆ ಏನು, ನಲವತ್ತನಾಲ್ಕು ತುಂಬಿತು, ಗಾಣದ ಎತ್ತಾದರೂ ಸುತ್ತುತ್ತದೆ, ಇವನದು ಬರೀ ಮೇಲೆ ಕೆಳಗೆ, ಮೇಲೆ ಕೆಳಗೆ, ಬೆಳಿಗ್ಗೆ ಚಿಕ್ಕವನಿಗೆ ಶೂ ಹಾಕು, ಮಗಳ ಜಡೆ ಹಾಕು, ಡಬ್ಬಿ ಕಟ್ಟು, ಸ್ಕೂಟರು ಒದಿ, ಸಂಜೆ ಅದನ್ನೆಲ್ಲ ಹಿಂದುಮುಂದಾಗಿ ಮಾಡು, ಇಷ್ಟೇನಾ ಅಂತ ಹಲ್ಲುಜ್ಜುವಾಗ ಕನ್ನಡಿಯನ್ನು ಕೇಳಿದರೆ ಅದರ ಬಾಯಿ ತುಂಬವೂ ನೊರೆ. ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು, ಮೇಲೆ ಒಂದೇ ಸಾಲು, ನಾನು ಬೆಳಿಗ್ಗೆ ಏಳುವುದು ಯಾತಕ್ಕಾಗಿ? ಪಕ್ಕದ ಬೆಂಚಿನ ಬೇಕರಿಯವನು ಬಗ್ಗಿ ಪಿಸುಗುಟ್ಟಿದ, ಅಲಾರಂ ಹೊಡ್ಕೊಳ್ಳುತ್ತೆ ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾಳಾ ಸಾರ್? ಇವನಿಗೆ ನಗು ಬಂತು, ನಗುತ್ತಲೇ ಪೆನ್ನಿಗಾಗಿ ಪ್ಯಾಂಟಿನ ಜೇಬಿಗೆ ಕೈ ಹಾಕಿದ, ಪೆನ್ನು ಸಿಗಲಿಲ್ಲ, ವೈರು ಸಿಕ್ಕಿತು, ಒಂದು, ಇನ್ನೊಂದು. ಬೆರಳುಗಳು ಮತ್ತೆ ಹುಡುಕಿದವು, ಜೇಬಿನ ತಳದ ಹೊಲಿಗೆಯವರೆಗೆ, ಇನ್ನೊಂದು ಜೇಬು, ಅಂಗಿಯ ಜೇಬು. ಎರಡೇ.

ಮೂರು ತಗೊಂಡು ಹೋದ್ರೆ ಮೂರು ತಗೊಂಡು ಬಾ, ಎರಡಿದ್ರೆ ಮನೆಗೆ ಹೋಗ್ಬೇಡ, ಎಂದು ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ, ಉಗುರಿಲ್ಲದ ಹೆಬ್ಬೆರಳು ಎತ್ತಿ ಹೇಳುತ್ತಿದ್ದ, ಕೆಂಪು ಬಣ್ಣದ್ದೇ ತಗೋ, ಕಣ್ಣಿಗೆ ಹೊಡೀಬೇಕು. ಗೇಣುದ್ದದ ವೈರು, ಎರಡು ತುದಿಗೂ ಮೊಸಳೆ ಬಾಯಿಯ ಕ್ಲಿಪ್ಪು. ಯಾವ ಮಹಡಿಯಲ್ಲೇ ಆಗಲಿ ಬಾಗಿಲು ಒಂದಿಷ್ಟು ತೆರೆದಿದ್ದರೂ ಲಿಫ್ಟು ಕದಲಬಾರದು, ಅದು ಆ ಯಂತ್ರದ ಧರ್ಮ. ಕದಲದಿದ್ದಾಗ ದೋಷ ಎಲ್ಲಿದೆ ಎಂದು ಹುಡುಕಲು ಮೆಕ್ಯಾನಿಕ್ಕು ಮೇಲಿನ ಪೆಟ್ಟಿಗೆಯಲ್ಲಿ ಈ ವೈರನ್ನು ಅಡ್ಡ ಹಾಕುತ್ತಾನೆ, ಆಗ ಎಲ್ಲ ಬಾಗಿಲೂ ಮುಚ್ಚಿವೆ ಎಂದು ಲಿಫ್ಟು ನಂಬಿಬಿಡುತ್ತದೆ, ಓಡುತ್ತದೆ, ದೋಷ ಸಿಗುತ್ತದೆ, ವೈರು ತೆಗೆಯುತ್ತಾನೆ — ತೆಗೆಯುತ್ತಾನೆ, ತೆಗೆದೆನಲ್ಲ, ತೆಗೆದೆನಾ? ಇವತ್ತು ಎರಡೂವರೆ ಗಂಟೆ, ಹಳೆಯ ಅಪಾರ್ಟ್‌ಮೆಂಟಿನ ಮೇಲಿನ ಮಷೀನ್ ರೂಮಿನ ಶೆಖೆ, ನಾಲ್ಕನೇ ಮಹಡಿಯ ಬಾಗಿಲಿನ ಸ್ಪ್ರಿಂಗು ಸೋತಿದೆ, ತಾನಾಗಿ ಮುಚ್ಚಿಕೊಳ್ಳುತ್ತಿಲ್ಲ, ಹೊಸದು ಸೋಮವಾರ ತರಬೇಕು, ಅಷ್ಟರಲ್ಲಿ ಫೋನು, ಅಪ್ಪಾ ಎಲ್ಲಿದ್ದೀಯಾ, ಎಲ್ರ ಅಪ್ಪಂದ್ರೂ ಬಂದ್ರು. ಬಂದೆ ಕಣೇ. ಮತ್ತೆ ಫೋನು, ಬಂದೆ ಅಂದ್ಯಲ್ಲ, ಎಲ್ಲಿ? ಸ್ಕೂಟರ್ ಮೇಲಿದ್ದೀನಿ ಪುಟ್ಟಿ, ಎಂದು ಸುಳ್ಳು ಹೇಳುತ್ತ, ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಪೆಟ್ಟಿಗೆಯ ಮುಚ್ಚಳ ಹಾಕಿದ್ದು ನೆನಪಿದೆ, ತಿರುಪು ಬಿಗಿದದ್ದು ನೆನಪಿದೆ, ಕೆಂಪು ನೆನಪಿಲ್ಲ. ಬೇಕರಿಯವನು ತನ್ನ ಪೆನ್ನನ್ನೇ ಚಾಚಿ, ತಗೊಳ್ಳಿ ಸಾರ್, ನನ್ನ ಗುರಿ ಎರಡೇ ಸಾಲಿಗೆ ಮುಗೀತು. ಇವನು ಎದ್ದು ನಿಂತಿದ್ದ.

ಹೊರಗಿನ ಪಡಸಾಲೆಯಲ್ಲಿ ಆ ಕಟ್ಟಡದ ವಾಚ್‌ಮನ್‌ಗೆ ಫೋನು ಹಚ್ಚಿದ, ಒಂದು ರಿಂಗು, ಎರಡು, ಎತ್ತೋ ಮಾರಾಯ, ಎತ್ತು. ಹೇಳಿ ಅಣ್ಣ, ನಾನು ಎರಡೂವರೆಗೇ ಮನೆಗೆ ಬಂದುಬಿಟ್ಟೆ, ಈಗ ಇರೋನು ಹೊಸಬ, ಅವನ ನಂಬರ್ ಇನ್ನೂ ಇಸ್ಕೊಂಡಿಲ್ಲ, ಯಾಕೆ? ಲಿಫ್ಟು, ಲಿಫ್ಟು ಹೇಗಿದೆ? ಭಲೇ ಕೈ ಗುಣ ಅಣ್ಣ ನಿಮ್ದು, ಎರಡನೇ ಮಹಡಿ ಡಾಕ್ಟ್ರು ಈಗ ತಾನೆ ಫೋನ್ ಮಾಡಿ ಹೊಗಳಿದ್ರು, ಒಂದು ಸಲಾನೂ ನಿಂತಿಲ್ವಂತೆ, ಬಾಗಿಲು ಹಾಕ್ರೀ ಅಂತ ಒಬ್ರೂ ಕೂಗಿಲ್ವಂತೆ. ಯಾರೂ ಕೂಗಿಲ್ಲ. ಹನ್ನೆರಡು ವರ್ಷದಿಂದ ಆ ಕಟ್ಟಡದ ಮೆಟ್ಟಿಲ ತುಂಬ ಕೇಳುವ ಕೂಗು ಅದು, ನಾಲ್ಕನೇಯವ್ರೇ ಬಾಗಿಲು ಹಾಕ್ರೀ, ಲಿಫ್ಟ್ ಬಿಡ್ರೀ, ಅದು ಕೇಳದಿದ್ದರೆ ಅರ್ಥ ಒಂದೇ, ವೈರು ಅಲ್ಲೇ ಇದೆ, ಬಾಗಿಲು ಬಾಯಿ ಬಿಟ್ಟಿದ್ದರೂ ಲಿಫ್ಟು ಅದನ್ನು ಬಿಟ್ಟು ಹೋಗುತ್ತಿದೆ. ಕಂಪನಿಯ ನಂಬರಿಗೆ ಹಚ್ಚಿದರೆ ಸಂಗೀತ, ನಿಮ್ಮ ಕರೆ ನಮಗೆ ಅಮೂಲ್ಯ, ಸಂಗೀತ. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಐದಕ್ಕೆ ಆ ನಾಲ್ಕನೇ ಮಹಡಿಯ ಟೀಚರಮ್ಮ ಲಿಫ್ಟಿಗೆ ಬರುತ್ತಾರೆ. ಅವರ ನೆನಪು ಬಂದದ್ದೇ ತಡ, ಮುಖವಲ್ಲ ಕಂಡದ್ದು, ನೀಲಿ ಕ್ಯಾನ್ವಾಸ್ ಶೂ, ಒಂದು ಕಡೆ ಸವೆದ ಹಿಮ್ಮಡಿ, ಹಿಂದಕ್ಕೆ ಬಂದು ನೆಲ ತಡಕುವ ಹಿಮ್ಮಡಿ. ಅಪ್ಪಾ. ಪಡಸಾಲೆಯ ತುದಿಯಲ್ಲಿ ಮಗಳು, ಕೈಯಲ್ಲಿ ಮಡಚಿದ ಹಾಳೆ. ಮತ್ತೆ ಹೊರಟ್ಯಾ? ಪುಟ್ಟಿ, ಒಂದು ಕೆಲಸ ಮರೆತು ಬಂದೆ. ನಂದು ಮೂರನೇದು ಅಪ್ಪ, ಇನ್ನು ಹತ್ತು ನಿಮಿಷ ಅಷ್ಟೇ, ನಿನ್ನ ಬಗ್ಗೇನೇ ಬರ್ದಿರೋದು. ಏನು ಬರೆದಿದ್ದೀಯ ಎಂದು ಕೇಳಬೇಕಿತ್ತು, ತಲೆ ಸವರಬೇಕಿತ್ತು, ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ, ಬೆನ್ನ ಹಿಂದೆ ಅವಳು ಅತ್ತಳೋ ಬೈದಳೋ, ಹೋಗು, ನೀನು ಯಾವಾಗಲೂ ಹಿಂಗೇ.

ಸಿಗ್ನಲ್ಲು ಕೆಂಪು. ಕೆಂಪು. ಹಸಿರಾಗೇ ಶನಿ. ಹಿಂದಿನ ಲಾರಿ ಹಾರ್ನು ಒತ್ತುತ್ತಲೇ ಇದೆ, ಎಲ್ಲರಿಗೂ ಅವಸರ, ಇವನಷ್ಟು ಯಾರಿಗೂ ಇಲ್ಲ. ಟೀಚರಮ್ಮನಿಗೆ ಎಪ್ಪತ್ತರ ಮೇಲೆ, ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಮಾತು ಹೋಗಿ ಮೂರು ವರ್ಷ, ದಿನಾ ಐದಕ್ಕೆ ಗಡಿಯಾರ ಹೊಡೆದ ಹಾಗೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ. ಮೊದಮೊದಲು ಕುರ್ಚಿಯನ್ನು ಮುಂದಕ್ಕೆ ತಳ್ಳುತ್ತಿದ್ದರು, ಹೊಸ್ತಿಲಿನ ಸಂದಿಯಲ್ಲಿ ಪುಟ್ಟ ಚಕ್ರ ಸಿಕ್ಕಿಕೊಂಡು ಒಮ್ಮೆ ಆತ ಮುಗ್ಗರಿಸಿದ್ದರು. ಆಗ ಕಲಿಸಿದ್ದು ಯಾರು — ಇವನೇ, ಇದೇ ಕೈಯಿಂದ, ಅಮ್ಮ, ಕುರ್ಚಿಯ ಮುಂದುಗಡೆ ಬನ್ನಿ, ಅವರ ಮುಖ ನೋಡ್ತಾ ಕುರ್ಚಿಯ ಎರಡೂ ತೋಳು ಹಿಡ್ಕೊಳ್ಳಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ನೀವು ಮೊದಲು ಒಳಗೆ ಹೋಗಿ, ಸ್ವಲ್ಪ ಎತ್ತಿ ಎಳ್ಕೊಳ್ಳಿ, ಚಕ್ರ ಬೀಳಲ್ಲ. ಹಿಂದೆ ನೋಡೋದು ಬೇಡ್ವಾ? ಏನಕ್ಕಮ್ಮ, ಬಾಗಿಲು ಅರೆ ತೆರೆದಿದೆ ಅಂದ್ರೆ ಲಿಫ್ಟ್ ಇದೆ ಅಂತಾನೇ ಅರ್ಥ, ಬಾಗಿಲು ತೆರೆದಿದ್ರೆ ಅದು ಎಲ್ಲಿಗೂ ಹೋಗಲ್ಲ, ನನ್ನ ಮಾತು ನಂಬಿ. ನಂಬಿದರು. ಎರಡೇ ದಿನಕ್ಕೆ ಪಳಗಿದರು, ಮೊಣಕೈಯಲ್ಲಿ ಬಾಗಿಲು ನೂಕಿ, ಬೆನ್ನು ಲಿಫ್ಟಿಗೆ, ಕಣ್ಣು ಗಂಡನಿಗೆ, ಹಿಮ್ಮಡಿ ಹಿಂದಕ್ಕೆ. ಆತ ಎದುರಿಗೇ ಕೂತಿರುತ್ತಾರೆ, ಹೆಂಡತಿಯ ಬೆನ್ನ ಹಿಂದೆ ಏನಿದೆ ಏನಿಲ್ಲ ಎಂದು ಕಾಣುವುದು ಅವರೊಬ್ಬರಿಗೇ, ಇವತ್ತು ಕಾಣುತ್ತದೆ, ಕತ್ತಲೆಯೂ ಗ್ರೀಸು ಬಳಿದ ಹಗ್ಗಗಳೂ ಕಾಣುತ್ತವೆ, ಬಾಯಿ ಏಳುವುದಿಲ್ಲ, ಕಣ್ಣು ಅಗಲಿಸುತ್ತಾರೆ, ಟೀಚರಮ್ಮ ನಗುತ್ತಾರೆ, ಎಲ್ಲದಕ್ಕೂ ಹಿಂಗೆ ಕಣ್ಣು ಬಿಡ್ತೀರಲ್ರೀ, ಪಾರ್ಕನ್ನೇ ನೋಡದವರ ಹಂಗೆ. ಹಸಿರು. ಸ್ಕೂಟರು ನೆಗೆಯಿತು. ಈ ಕೆಲಸಕ್ಕೆ ಹತ್ತೊಂಬತ್ತು ವರ್ಷ, ಏಳುವುದು ಯಾತಕ್ಕಾಗಿ ಎಂದು ಆ ಹಾಳೆ ಕೇಳಿತ್ತಲ್ಲ, ಈಗ ಕೇಳಲಿ, ಪೆನ್ನಿಲ್ಲದೆಯೇ ಬರೆಯುತ್ತಾನೆ, ಜನ ಕಾಲಿಟ್ಟ ಕಡೆ ನೆಲ ಇರಬೇಕು, ಅಷ್ಟೇ, ಅವರು ಅದರ ಬಗ್ಗೆ ಯೋಚಿಸಲೇಬಾರದು, ಮಗುವನ್ನು ಎತ್ತಿಕೊಂಡವರು, ಫೋನಿನಲ್ಲಿ ಜಗಳ ಆಡುವವರು, ನಿದ್ದೆಗಣ್ಣಿನವರು, ದಿನಕ್ಕೆ ಸಾವಿರ ಕಾಲು, ಒಂದೂ ತಡವರಿಸದೆ ಒಳಗೆ ಬರುತ್ತವೆ, ಅದಕ್ಕಾಗಿ ತಾನೆ ಏಳುತ್ತಿದ್ದದ್ದು, ಅದಕ್ಕಾಗಿ ತಾನೆ ಕೈಗೆ ಗ್ರೀಸು, ಇಷ್ಟು ದೊಡ್ಡದು ಇಷ್ಟು ದಿನ ಎಲ್ಲಿ ಹೋಗಿತ್ತು, ಸಿಗಲು ಇವತ್ತೇ ಆಗಬೇಕಿತ್ತಾ, ಹೀಗೇ ಸಿಗಬೇಕಿತ್ತಾ. ಸಂತೋಷವೇ ಅದು? ಅಲ್ಲ, ಆ್ಯಕ್ಸಿಲರೇಟರನ್ನು ಇನ್ನಷ್ಟು ತಿರುವಿದ. ನಾಲ್ಕು ಐವತ್ತು. ತಿರುವಿನಲ್ಲಿ ಪೈಪು ಹಾಕಲು ರಸ್ತೆ ಅಗೆದಿದ್ದಾರೆ, ಹಳ್ಳದ ಮೇಲೊಂದು ಹಲಗೆ, ಹಲಗೆಯ ಮೇಲೆ ಯಾರೋ ನಡೆದು ಬರುತ್ತಿದ್ದಾರೆ, ಇವನಿಗೆ ಕಂಡದ್ದು ಬರೀ ಹಿಮ್ಮಡಿ.

ಸ್ಕೂಟರನ್ನು ನಿಲ್ಲಿಸಲಿಲ್ಲ, ಬಿಟ್ಟ, ಅದು ಬಿತ್ತು. ಹೊಸ ವಾಚ್‌ಮನ್ ಎದ್ದು ಅಡ್ಡ ಬಂದ, ಯಾರು ಬೇಕು ಸಾರ್, ಪುಸ್ತಕದಲ್ಲಿ ಹೆಸರು ಬರೀರಿ. ಲಿಫ್ಟ್ ಯಾರು ತಂದಿದ್ದು ಕೆಳಗೆ? ನಾಲ್ಕನೇ ಮಹಡಿ ಕೆಲಸದಾಕೆ ಸಾರ್, ಈಗ ತಾನೆ ಇಳಿದು ಹೋದ್ಲು, ಯಾಕೆ, ಬಾಗಿಲು ಹಾಕೋದು ಮರ್ತಳಾ? ಕಂಬದ ಗಡಿಯಾರದಲ್ಲಿ ಐದಕ್ಕೆ ಇನ್ನು ಒಂದು ನಿಮಿಷ. ಲಿಫ್ಟು ಇಲ್ಲಿದೆ. ಇಲ್ಲಿದೆ ಅಂದರೆ ಅಲ್ಲಿಲ್ಲ. ನಾಲ್ಕನೇ ಮಹಡಿಯ ಬಾಗಿಲು ಅರೆ ತೆರೆದು ನಿಂತಿದೆ, ಬನ್ನಿ ಎಂದು ಕರೆಯುತ್ತ ನಿಂತಿದೆ, ಹಿಂದೆ ಬರೀ ಬಾವಿ. ಓಡಿ ಹತ್ತಿದರೆ ಎಂಟು ಸಾಲು ಮೆಟ್ಟಿಲು, ಈ ಎದೆಯಲ್ಲಿ ಅಷ್ಟು ಉಸಿರಿಲ್ಲ. ಲಿಫ್ಟು ಹತ್ತಿದರೆ ಹದಿನೆಂಟು ಸೆಕೆಂಡು, ಅವನೇ ಎಣಿಸಿದ್ದಾನೆ. ಮೆಟ್ಟಿಲಲ್ಲಿ ಓಡು, ನಾಲ್ಕಕ್ಕೆ ಹೋಗಿ ಅವರನ್ನು ನಿಲ್ಲಿಸು ಎಂದು ಹೊಸಬನಿಗೆ ಅರಚಿ ಒಳಗೆ ನುಗ್ಗಿ ನಾಲ್ಕು ಒತ್ತಿದ. ಕದಲಿತು. ಎಷ್ಟು ವಿಧೇಯವಾಗಿ ಕದಲಿತು, ಸುಳ್ಳನ್ನು ನಂಬಿದ ಯಂತ್ರ. ಹಳೆಯ ಲಿಫ್ಟು, ಒಳಬಾಗಿಲಿಲ್ಲ, ಎದುರಿಗೆ ಗೋಡೆ ಕೆಳಗಿಳಿಯುತ್ತದೆ, ಒಂದನೇ ಮಹಡಿಯ ಹೊಸ್ತಿಲು ಇಳಿಯಿತು, ಅಮ್ಮಾ ನಿಲ್ಲಿ ಎಂದು ಕೂಗಿದ, ಮೋಟರಿನ ಸದ್ದು ನುಂಗಿತು, ಅಮ್ಮಾ ಹಿಂದೆ ನೋಡಿ, ಎರಡನೆಯದೂ ಇಳಿಯಿತು, ತನ್ನ ಕಾಲಡಿ ಇರುವುದು ನೆಲ, ಅವರಿಗೆ ಬೇಕಾದ ನೆಲ ಇದೇ, ಐದಡಿ ಚೌಕದ ಈ ಹಲಗೆಯನ್ನೇ ಹೊತ್ತು ತರುತ್ತಿದ್ದಾನೆ, ಬೇಗ ಬಾ, ಬೇಗ, ಹನ್ನೆರಡು ವರ್ಷ ಎಣ್ಣೆ ಹಾಕಿದ್ದೇನಲ್ಲೋ ನಿನಗೆ, ಮೂರನೆಯದು, ಮೇಲಿನಿಂದ ಧ್ವನಿ, ಹಗ್ಗಗಳ ನಡುವಿನಿಂದ ಜಾರಿ ಬಂದ ಧ್ವನಿ, ಯಾಕ್ರೀ ಹಂಗೆ ಕಣ್ಣು ಬಿಡ್ತೀರಿ, ಹೋಗಲ್ವಾ ಪಾರ್ಕಿಗೆ? ಗೋಡೆ, ಗೋಡೆ, ಗೋಡೆಯ ಮೇಲಂಚಿನಲ್ಲಿ ಬೆಳಕಿನ ಗೆರೆ, ಗೆರೆ ಅಗಲವಾಯಿತು, ಇನ್ನೂ ಒಂದಾಳು ಎತ್ತರ ಬಾಕಿ, ಅವನು ಎರಡೂ ಅಂಗೈ ಮೇಲೆತ್ತಿದ, ಬೆಳಕಿನೊಳಗೆ ನೀಲಿ ಬಂತು, ಒಂದು ಕಡೆ ಸವೆದದ್ದು, ಹೊಸ್ತಿಲು ದಾಟಿ, ಹಿಂದಕ್ಕೆ, ಮೆಲ್ಲಗೆ, ಕಲಿಸಿದ ಹಾಗೆಯೇ, ನೆಲ ತಡಕುತ್ತ, ಹಿಮ್ಮಡಿ — ಹಿಮ್ಮಡಿ —